ಆಕಾಶ ನೋಡುವ ಮೆಣಸಿನಕಾಯಿ

ನರ್ಸರಿಯಲ್ಲಿ ಕೆಲಸ ಮಾಡಿದವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಗಿಡ ತನ್ನ ಪಾಡಿಗೆ ಸುಮ್ಮನಿರುತ್ತದೆ, ಕೊಂಡುಹೋದವರು ಸುಮ್ಮನಿರುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನಾನೂ ನನ್ನ ಗಂಡನೂ ಗುಲ್ಬರ್ಗಾ ಕಡೆಯಿಂದ ಬಂದು ಲಿಂಗರಾಜಪುರದ ವಠಾರವೊಂದರಲ್ಲಿ ಕೋಣೆ ಹಿಡಿದೆವು. ಅವರು ಕಟ್ಟಡಗಳಲ್ಲಿ ಟೈಲ್ಸ್ ಹಾಕುವ ಕೆಲಸಕ್ಕೆ ಹೋಗುತ್ತಿದ್ದರು. ನಾನು ರಿಚರ್ಡ್ಸ್ ಟೌನಿನ ಒಂದು ನರ್ಸರಿಯಲ್ಲಿ ಕುಂಡಗಳಿಗೆ ನೀರು ಹಾಕಿಕೊಂಡು, ಬಂದವರಿಗೆ ಗಿಡ ತೋರಿಸಿಕೊಂಡು ಇದ್ದೆ.

ಊರು ಬಿಟ್ಟ ಮೇಲೆ ನನ್ನನ್ನು ಹೆಚ್ಚು ಕಾಡಿದ್ದು ಮೆಣಸಿನಕಾಯಿ. ನಗಬೇಡಿ. ನಮ್ಮ ಕಡೆ ಕಾಯಿ ಹಣ್ಣಾಗುವ ಕಾಲಕ್ಕೆ, ಒಣಹಾಕಿದ ಕಾಯಿಯಿಂದ ಮನೆ ಮೇಲಿನ ಮಾಳಿಗೆಯೆಲ್ಲ ಕೆಂಪಾಗಿರುತ್ತದೆ. ಅವ್ವ ಹಸಿ ಕೆಂಪು ಕಾಯಿಗೆ ಉಪ್ಪು, ಬೆಳ್ಳುಳ್ಳಿ, ಮೆಂತ್ಯ ಸೇರಿಸಿ, ನಿಂಬೆಹಣ್ಣು ಹಿಂಡಿ ರುಬ್ಬಿ ರಂಜಕ ಮಾಡುತ್ತಿದ್ದಳು. ಬಿಸಿ ರೊಟ್ಟಿ, ಅದರ ಮೇಲೆ ರಂಜಕ, ಅದರ ಮೇಲೆ ಬೆಣ್ಣೆ. ಬೆಂಗಳೂರಿಗೆ ಬಂದು ಮೊದಲ ಸಲ ಬೆಲ್ಲ ಹಾಕಿದ ಸಾಂಬಾರು ಉಂಡ ದಿನ ಗೋಡೆ ಕಡೆ ಮುಖ ಮಾಡಿ ಕೂತಿದ್ದೆ. ಗಂಡ ಕೇಳಿದಾಗ ಕಣ್ಣಿಗೆ ಕಸ ಬಿದ್ದಿದೆ ಅಂದೆ. ಅವರು, "ನನಗೂ ಬಿದ್ದದ," ಅಂದರು.

ಹೀಗಿರುವಾಗ ನರ್ಸರಿಗೆ ಹೊಸ ಹೈಬ್ರಿಡ್ ಗಿಡಗಳು ಬಂದವು.

ಹೂವಿನ ಹೆಸರು

ಮೊಣಕಾಲೆತ್ತರದ ಗಿಡ. ಅದರ ತುಂಬ ಬೆರಳ ತುದಿಯಷ್ಟೇ ದಪ್ಪದ ಕಾಯಿಗಳು. ಒಂದೇ ಗಿಡದಲ್ಲಿ ನೇರಳೆ, ಹಳದಿ, ಕೇಸರಿ, ಕೆಂಪು ಎಲ್ಲವೂ ಇದ್ದವು. ನಮ್ಮೂರ ಮೆಣಸಿನಕಾಯಿ ತಲೆ ತಗ್ಗಿಸಿ ಜೋತುಬಿದ್ದಿರುತ್ತದೆ. ಇವು ತಲೆಯೆತ್ತಿ ಆಕಾಶ ನೋಡುತ್ತಿದ್ದವು. ಮಾಲೀಕರು, "ಇದು ಶೋಗೆ ಇಡೋದು ಕಣಮ್ಮ, ಅಡುಗೆಗಲ್ಲ," ಅಂದರು. ಮೆಣಸಿನಕಾಯಿಯನ್ನು ನೋಡಲಿಕ್ಕಂತ ಬೆಳೆಸುತ್ತಾರೆ ಅಂತ ನನಗೆ ಗೊತ್ತಾದದ್ದೇ ಆಗ.

ಇಂದಿರಾನಗರದಿಂದ ಕಾರಿನಲ್ಲಿ ಬಂದ ಮೇಡಮ್ ಒಬ್ಬರು ಅದರ ಮುಂದೆ ನಿಂತುಬಿಟ್ಟರು.

"ಎಷ್ಟ್ ಚೆನ್ನಾಗಿದೆ. ಏನ್ ಹೂವು ಇದು?"

"ಮೆಣಸಿನಕಾಯಿ ರೀ."

"ಕಾಯಿ ಥರಾ ಇದೆ, ನಂಗೂ ಕಾಣ್ಸುತ್ತೆ. ಹೂವಿನ ಹೆಸ್ರು ಹೇಳಿ."

"ಹೂವಲ್ಲ ರೀ, ಖರೇನೇ ಮೆಣಸಿನಕಾಯಿ."

ಅವರಿಗೆ ನಂಬಿಕೆ ಬರಲಿಲ್ಲ. ಒಂದು ನೇರಳೆ ಕಾಯಿ ಕಿತ್ತು, ನಾನು ಬೇಡ ಅನ್ನುವಷ್ಟರಲ್ಲಿ ಕಚ್ಚಿಯೇಬಿಟ್ಟರು. ನಾನು ಗಿಡಗಳಿಗೆ ಹಿಡಿದಿದ್ದ ಪೈಪನ್ನೇ ಅವರ ಕೈಗೆ ಕೊಟ್ಟೆ. ಬಹಳ ಹೊತ್ತು ಬಾಯಿ ಮುಕ್ಕಳಿಸಿ, ಮುಖ ಒರೆಸಿಕೊಂಡು ಮೆಲ್ಲಗೆ ಅಂದರು: "ನಾಲ್ಕು ಕುಂಡ ಪ್ಯಾಕ್ ಮಾಡಿ. ಊಟದ ಟೇಬಲ್ ಮೇಲೆ ಇಡ್ತೀನಿ. ನಮ್ ಅತ್ತೆಗೂ ಹೂವು ಅಂದ್ರೆ ತುಂಬಾ ಇಷ್ಟ."

ದೃಷ್ಟಿ

ಹಲಸೂರಿನ ಕಿರಾಣಿ ಅಂಗಡಿಯವರೊಬ್ಬರು ಅಂಗಡಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಪೋಣಿಸಿ ಕಟ್ಟುವ ಪೈಕಿ. ವಾರ ವಾರ ಹೊಸದು ಕಟ್ಟಿ ಬೇಸತ್ತಿದ್ದರು. "ಗಿಡಾನೇ ತಂದು ಬಾಗಿಲಲ್ಲಿ ಇಟ್ಬಿಟ್ರೆ ದೃಷ್ಟೀನೂ ಹೋಗುತ್ತೆ, ಕಟ್ಟೋ ಕೆಲ್ಸಾನೂ ತಪ್ಪುತ್ತೆ," ಅಂತ ಲೆಕ್ಕ ಹಾಕಿ, ಇದ್ದುದರಲ್ಲಿ ದೊಡ್ಡ ಗಿಡ ಒಯ್ದರು.

ತಿಂಗಳಾದ ಮೇಲೆ ಗೊಬ್ಬರ ಕೊಡಲು ಹೋದೆ. ಗಿಡ ಕಾಯಿ ತುಂಬಿಕೊಂಡು ಹೊಳೆಯುತ್ತಿತ್ತು. ಆದರೆ ಅದರ ಕೊಂಬೆಗೆ ದಾರದಲ್ಲಿ ಒಂದು ನಿಂಬೆಹಣ್ಣು, ಮಾರ್ಕೆಟ್ಟಿನ ಹಸಿರು ಮೆಣಸಿನಕಾಯಿ ಪೋಣಿಸಿ ಕಟ್ಟಿದ್ದರು.

"ಇದ್ಯಾಕೆ ರೀ?" ಅಂದೆ.

ಅಂಗಡಿಯವರು ಆಚೀಚೆ ನೋಡಿ ದನಿ ತಗ್ಗಿಸಿದರು. "ಹೋಗೋರು ಬರೋರೆಲ್ಲ ಈ ಗಿಡಾನೇ ನೋಡ್ತಾರಮ್ಮ. ಇದಕ್ಕೆ ದೃಷ್ಟಿ ಆಗ್ಬಾರ್ದಲ್ಲ."

ತಾಯಿಯ ಹಾಗೆ ಮಗಳಿಲ್ಲ

ಎಲೆ ಮುದುರಿ ಯಾರಿಗೂ ಬೇಡವಾದ ಒಂದು ಗಿಡವನ್ನು ಮಾಲೀಕರು ನನಗೇ ಕೊಟ್ಟರು. ಕೋಣೆಯ ಹೊಸ್ತಿಲ ಪಕ್ಕ ಒಡೆದ ಬಕೆಟ್ಟಿನಲ್ಲಿ ನೆಟ್ಟೆ. ಅದು ಚಿಗುರಿ, ನೇರಳೆ ಕಾಯಿ ಬಿಟ್ಟ ಮೇಲೆ ವಠಾರದವರೆಲ್ಲ ಬೀಜ ಕೇಳಿದರು. ಹಣ್ಣು ಒಣಗಿಸಿ ಮನೆಮನೆಗೆ ಕೊಟ್ಟೆ. ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಜಾಸ್ತಿ, ವಠಾರದ ಓನರಮ್ಮನಿಗೆ.

ಕಾಯಿ ಬಿಡುವ ಹೊತ್ತಿಗೆ ನನಗೆ ಗ್ರಹಚಾರ ಹಿಡಿಯಿತು. ಒಬ್ಬರ ಗಿಡದಲ್ಲಿ ನೇರಳೆ, ಇನ್ನೊಬ್ಬರದರಲ್ಲಿ ಹಳದಿ, ಮತ್ತೊಬ್ಬರದರಲ್ಲಿ ಗುಂಡನೆಯ ಕೇಸರಿ. ಓನರಮ್ಮನ ಗಿಡ ಮಾತ್ರ ಉದ್ದಕ್ಕೆ ಬೆಳೆದು, ಮಾರ್ಕೆಟ್ಟಿನಲ್ಲಿ ಸಿಗುವಂಥ ಬರೀ ಹಸಿರು ಕಾಯಿ ಬಿಟ್ಟಿತು. ಅವರು ಸೊಂಟದ ಮೇಲೆ ಕೈಯಿಟ್ಟುಕೊಂಡು ನನ್ನ ಬಾಗಿಲಿಗೆ ಬಂದರು.

"ಏನಮ್ಮಾ ಇದು? ಬಾಡಿಗೆಗೆ ಇರೋರಿಗೆಲ್ಲ ಕಲರ್ ಕಲರ್, ಓನರಿಗೆ ಮಾತ್ರ ಹಸಿರಾ?"

ನರ್ಸರಿ ಮಾಲೀಕರು ಹೇಳಿದ್ದನ್ನೇ ನಾನು ಹೇಳಿದೆ. ಹೈಬ್ರಿಡ್ ಗಿಡದ ಬೀಜ ತಾಯಿಯ ಹಾಗೇ ಬರುವುದಿಲ್ಲ. ತಾಯಿ ಎಷ್ಟೇ ಚೆಂದವಿರಲಿ, ಮಕ್ಕಳು ಹೇಗೆ ಹುಟ್ಟುತ್ತವೆ ಅಂತ ಯಾರೂ ಹೇಳಲಾರರು.

ಅಷ್ಟರಲ್ಲಿ ಓನರಮ್ಮನ ದೊಡ್ಡ ಮಗ ಆಕಳಿಸುತ್ತ ಎದ್ದು ಹೊರಗೆ ಬಂದ. ಹನ್ನೊಂದು ಗಂಟೆಯ ಬಿಸಿಲು ಅಂಗಳಕ್ಕೆ ಬಿದ್ದಿತ್ತು. ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಓನರಮ್ಮ ಅಂದರು: "ಸರಿ ಬಿಡಮ್ಮ. ಈಗ ಅರ್ಥ ಆಯ್ತು."

ಮಾತಾಡದ ವರ

ಪಕ್ಕದ ಕೋಣೆಯಲ್ಲಿ ಶಿವಾಜಿನಗರದಲ್ಲಿ ಹುಟ್ಟಿ ಬೆಳೆದ ಹೆಂಗಸೊಬ್ಬರಿದ್ದರು. ವಠಾರಕ್ಕೆಲ್ಲ ಅವರು ಖಾಲಾ, ಅಂದರೆ ಚಿಕ್ಕಮ್ಮ. ನನಗೆ ಜ್ವರ ಬಂದಾಗ ಗಂಜಿ ಕಾಯಿಸಿ ಕೊಟ್ಟವರು ಅವರು. ಆಮೇಲೆ ಕೆ.ಆರ್. ಪುರದ ಕಡೆ ಮನೆ ಮಾಡಿಕೊಂಡು ಹೋದರು. ಈಗಲೂ ಯಾರಾದರೂ ಅವರ ಹಾಗೆ ಮಗಳೇ ಅನ್ನಲು "ಬೇಟಿ" ಅಂದರೆ ನಾನು ತಿರುಗಿ ನೋಡುತ್ತೇನೆ.

ಅವರಿನ್ನೂ ವಠಾರದಲ್ಲಿದ್ದಾಗ ಒಮ್ಮೆ ಅವರ ಮಗಳನ್ನು ನೋಡಲು ಗಂಡಿನವರು ಬರುವವರಿದ್ದರು. ಖಾಲಾಗೆ ಪಲಾವಿನ ಜೊತೆಗೆ ಬಣ್ಣ ಬಣ್ಣದ ಮೆಣಸಿನಕಾಯಿ ಗೊಜ್ಜು, ಅವರ ಮಿರ್ಚಿ ಸಾಲನ್, ಮಾಡುವ ಆಸೆ. ನನ್ನ ಗಿಡದಿಂದ ಬಟ್ಟಲು ತುಂಬ ಕಿತ್ತುಕೊಂಡರು. "ಒಂದೆರಡು ಹಾಕಿ ಸಾಕು ಖಾಲಾ, ಇದು ಬೆಂಕಿ," ಅಂದೆ. "ಒಂದೆರಡು ಹಾಕಿದ್ರೆ ಕಲರ್ ಎಲ್ಲಿ ಕಾಣ್ತದೆ ಬೇಟಿ?" ಅಂತ ಎಲ್ಲವನ್ನೂ ಹಾಕಿದರು. ಒಲೆ ಮೇಲೆ ಕುದಿದ ಮೇಲೆ ನೇರಳೆಯೆಲ್ಲ ಮಾಸಿ ಪಾಚಿಯ ಬಣ್ಣಕ್ಕೆ ಬಂತು. ಬಣ್ಣ ಹೋಯಿತು, ಖಾರ ಉಳಿಯಿತು.

ಹಿರಿಯರೆಲ್ಲ ಪಲಾವು, ಮೊಸರು ಅಂತ ಜಾಗ್ರತೆಯಾಗಿ ಉಂಡರು. ಹುಡುಗ ಮಾತ್ರ ಅತ್ತೆ ಮನೆಯದೆಂಬ ಪ್ರೀತಿಗೆ ಸಾಲನ್ ದೊಡ್ಡದಾಗಿ ಹಾಕಿಸಿಕೊಂಡ. ಅಲ್ಲಿಂದ ಮುಂದೆ ತಲೆ ಎತ್ತಲಿಲ್ಲ. ಯಾರು ಏನು ಕೇಳಿದರೂ ತುಟಿ ಬಿಗಿಹಿಡಿದು ಬರೀ ತಲೆಯಾಡಿಸಿದ. ಕಿವಿ ಕೆಂಪಗಾಗಿತ್ತು. ಪರದೆ ಹಿಂದಿನಿಂದ ನೋಡುತ್ತಿದ್ದ ಖಾಲಾ ನನ್ನ ಕೈ ಹಿಸುಕಿದರು. "ನೋಡು, ಎಂಥಾ ನಾಚಿಕೆ, ಎಂಥಾ ಮರ್ಯಾದೆ. ಇವನೇ ನನ್ ಅಳಿಯ."

ಮದುವೆ ಆಯಿತು. ಹುಡುಗ ಒಳ್ಳೆಯವನೇ, ಆದರೆ ಬಾಯಿ ತೆರೆದರೆ ಮುಚ್ಚುವವನಲ್ಲ. ಹಬ್ಬಕ್ಕೆ ಬಂದವನು ಬೆಳಿಗ್ಗೆಯಿಂದ ಮಾತಾಡುತ್ತಲೇ ಇದ್ದ. ಮಧ್ಯಾಹ್ನದ ಹೊತ್ತಿಗೆ ಖಾಲಾ ಖಾಲಿ ಬಟ್ಟಲು ಹಿಡಿದು ನನ್ನ ಬಾಗಿಲಿಗೆ ಬಂದರು.

"ಬೇಟಿ, ಇನ್ನೊಂದು ಮುಷ್ಟಿ ಮಿರ್ಚಿ ಕೊಡು. ತಲೆ ನೋಯ್ತಾ ಇದೆ."

ಅವ್ವನ ಕಣ್ಣೀರು

ಅವ್ವ ಬೆಂಗಳೂರಿಗೆ ಬರುತ್ತೇನೆ ಅನ್ನುವುದು, ಕೊನೆಗೆ ಬಿತ್ತನೆಯೋ ಮದುವೆಯೋ ಅಡ್ಡ ಬರುವುದು, ಹೀಗೇ ಎಷ್ಟೋ ವರ್ಷ ನಡೆಯಿತು. ಎಸ್‌ಟಿಡಿ ಬೂತಿನಿಂದ ಊರಿನ ಅಂಗಡಿಗೆ ಫೋನ್ ಮಾಡಿ, ಅವ್ವನನ್ನು ಕರೆಸಿ, ಅವಳ ದನಿ ಕೇಳುತ್ತಲೇ ನನಗೆ ಮಾತು ಮರೆತುಹೋಗುತ್ತಿತ್ತು. ಅವಳೂ "ಉಂಡೀ? ಆರಾಮ ಅದೀ?" ಅಂತ ಎರಡೇ ಕೇಳುತ್ತಿದ್ದಳು.

ಒಂದು ವರ್ಷ ಕೊನೆಗೂ ಬಂದಳು. ಅವಳು ಬರುವ ಮುಂಚೆಯೇ ಗಿಡದ ಕೆಂಪು ಕಾಯಿಯೆಲ್ಲ ಕಿತ್ತು, ಅವಳು ಮಾಡಿದ ಹಾಗೇ ರಂಜಕ ರುಬ್ಬಿಟ್ಟಿದ್ದೆ. ಬೆಂಗಳೂರಲ್ಲಿ ನಾನೇ ಬೆಳೆದು ನಾನೇ ಮಾಡಿದೆ ಅಂತ ತೋರಿಸಬೇಕಿತ್ತು. ಜೋಳದ ರೊಟ್ಟಿ ಬಡಿದು ಬಡಿಸಿದೆ. ಅವ್ವ ಹುಟ್ಟಿದಾಗಿನಿಂದ ಖಾರ ಉಂಡವಳು. ಊರಲ್ಲಿ ಹಾಕಿಕೊಳ್ಳುವಂತೆಯೇ ಬೆರಳು ತುಂಬ ಬಳಿದುಕೊಂಡು ಬಾಯಿಗಿಟ್ಟಳು.

ತುತ್ತು ನುಂಗಿದಳು. ನನ್ನ ಮುಖ ನೋಡಿದಳು, ಕೋಣೆ ನೋಡಿದಳು. ಎರಡೂ ಕಣ್ಣಲ್ಲಿ ನೀರು ತುಂಬಿ ಕೆನ್ನೆ ಮೇಲೆ ಇಳಿಯಿತು.

ನನಗೆ ತಡೆಯಲಾಗಲಿಲ್ಲ. "ಅಳಬ್ಯಾಡ ಅವ್ವ, ನಾ ಇಲ್ಲಿ ಆರಾಮ ಇದ್ದೀನಿ," ಅಂತ ಅವಳನ್ನು ತಬ್ಬಿಕೊಂಡು ನಾನೇ ಅಳತೊಡಗಿದೆ. ಫೋನಿನಲ್ಲಿ ಹೇಳದೆ ಉಳಿದದ್ದೆಲ್ಲ ಆಗ ಬಂತು. ಇಲ್ಲಿ ಮಾಳಿಗೆ ಇಲ್ಲವ್ವ, ರೊಟ್ಟಿ ಬಡಿದರೆ ಸಪ್ಪಳಕ್ಕೆ ಪಕ್ಕದವರು ಎದ್ದು ಬರುತ್ತಾರೆ, ಹಬ್ಬ ಬಂದರೆ ನಿನ್ನ ನೆನಪಾಗ್ತದ. ಅವ್ವ ನನ್ನ ಬೆನ್ನು ತಟ್ಟಿದಳು. ಸಮಾಧಾನ ಮಾಡುತ್ತಿದ್ದಾಳೆ ಅಂದುಕೊಂಡು ನಾನು ಇನ್ನೂ ಬಿಗಿಯಾಗಿ ಹಿಡಿದೆ. ಅವಳು ಇನ್ನೂ ಜೋರಾಗಿ ಬಡಿದಳು. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡನೂ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡರು.

ಕೊನೆಗೆ ಅವ್ವ ನನ್ನನ್ನು ಆಚೆ ತಳ್ಳಿ, ಹೇಗೋ ದನಿ ತೆಗೆದಳು. "ಅಳೋದು ಆಮ್ಯಾಲ ಅಳು. ಮೊದಲ ಬೆಲ್ಲ ಕೊಡು."

ಆಮೇಲೆ ವಾರವಿಡೀ ಅವಳು ಆ ರಂಜಕದ ಕಡೆ ಕೈ ಚಾಚಲಿಲ್ಲ. ಮೊಸರನ್ನ ಉಂಡು, ಒಬ್ಬರ ಕನ್ನಡ ಇನ್ನೊಬ್ಬರಿಗೆ ಸರಿಯಾಗಿ ಅರ್ಥವಾಗದೆಯೇ ಓನರಮ್ಮನ ಜೊತೆ ಹರಟೆ ಹೊಡೆದು, ಹೊರಡುವ ದಿನ ಬಂತು.

ಕಂಟೋನ್ಮೆಂಟ್ ಸ್ಟೇಷನ್ನಿನಲ್ಲಿ ರೈಲು ಕದಲಿದಾಗ ನಾನು ಕಿಟಕಿಯ ಸರಳು ಹಿಡಿದುಕೊಂಡು ಜೊತೆಗೇ ನಡೆದೆ. ನೋಡಿದರೆ ಅವ್ವನ ಕಣ್ಣಲ್ಲಿ ಮತ್ತೆ ನೀರು.

"ಅವ್ವ, ಯಾಕ ಅಳ್ತಿ?"

"ನಾ ಯಾಕ ಅಳ್ಲಿ," ಅಂತ ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ನಿನ್ನ ಮೆಣಸಿನಕಾಯಿ ಖಾರ ಇನ್ನಾ ಇಳಿದಿಲ್ಲ. ಕೈ ಬಿಡು, ಬೀಳ್ತಿ."

ಕೈ ಬಿಟ್ಟೆ. ರೈಲು ತಿರುವು ದಾಟಿ ಕಾಣದಾಯಿತು. ನನ್ನ ಗಂಡ ಪಕ್ಕಕ್ಕೆ ಬಂದು ನಿಂತು ನನ್ನ ಮುಖ ನೋಡಿದರು.

"ನೀನೂ ಅದನ್ನ ತಿಂದೀ ಏನು?" ಅಂದರು.