ನಾನು ಬದುಕಿಸಿದ ಗಂಡ

ನನ್ನ ಹೆಂಡತಿಗೆ ಕಣ್ಣು ಹೋಗಿ ಮೂರು ವರ್ಷವಾಯಿತು. ಅಂದಿನಿಂದ ಅವಳಿಗೆ ಕಾದಂಬರಿ ಓದಿ ಹೇಳುವ ಕೆಲಸ ನನ್ನದು. ಅವಳ ದೂರು ಒಂದೇ: ಕಥೆ ಬಿಗಿಯಾಗುವ ಹೊತ್ತಿಗೆ ಸರಿಯಾಗಿ ನಾನು ಗೊರಕೆ ಹೊಡೆಯುತ್ತೇನಂತೆ. (ಮೂವತ್ತು ವರ್ಷ ಕಚೇರಿಯಲ್ಲಿ ಗುಮಾಸ್ತನಾಗಿದ್ದವನಿಗೆ ಕಾಗದ ಕಂಡರೆ ನಿದ್ದೆ ಬರುವುದು ಸಹಜ.)

“ನಿಮ್ಮ ಉಪಕಾರ ಸಾಕು ರೀ. ನನ್ನ ಬೆರಳಿಗೇ ಪುಸ್ತಕ ಕೊಡಿ, ನಾನೇ ಓದ್ಕೋತೀನಿ,” ಎಂದಳು. ಹಟ ಹಿಡಿದು ಒಂದೇ ವರ್ಷದಲ್ಲಿ ಬ್ರೈಲ್ ಕಲಿತಿದ್ದಳು.

ಅಂಧರ ಶಾಲೆಯವರು ಮೂಲೆಗೆ ಹಾಕಿದ್ದ ಬ್ರೈಲ್ ಪ್ರಿಂಟರನ್ನು ಕೇಳಿ ತಂದು ಊಟದ ಮೇಜಿನ ಮೇಲೆ ಪ್ರತಿಷ್ಠಾಪಿಸಿದೆ. ನಾನು ಓದುತ್ತಾ ಅರ್ಧಕ್ಕೆ ನಿಲ್ಲಿಸಿದ್ದ ಕಾದಂಬರಿಯ ಉಳಿದ ಪುಟಗಳನ್ನು ಎರಡು ಬೆರಳಲ್ಲಿ ಕುಟ್ಟಿ ಕುಟ್ಟಿ ಕಂಪ್ಯೂಟರಿಗೆ ಇಳಿಸತೊಡಗಿದೆ. ಅದನ್ನು ಬ್ರೈಲಿಗೆ ತಿರುಗಿಸುವುದು ಕಂಪ್ಯೂಟರಿನ ಪಾಲು. ದಪ್ಪ ಹಾಳೆಯ ಮೇಲೆ ಚುಕ್ಕಿ ಉಬ್ಬಿಸುವುದು ಪ್ರಿಂಟರಿನ ಪಾಲು. ಅದು ಶುರುವಾದರೆ ಪಾತ್ರೆಯ ಕಪಾಟು ಗಡಗಡ ನಡುಗುತ್ತಿತ್ತು.

ಮೊದಲ ಹಾಳೆ ಸವರಿದವಳು ಕೇಳಿದಳು, “ಇದು ಯಾವ ಭಾಷೆ?”

ಭಾಷೆಗಳ ಪಟ್ಟಿಯಲ್ಲಿ ಯಾವುದನ್ನೋ ಆರಿಸಿಬಿಟ್ಟಿದ್ದೆ. ತಿದ್ದಿದೆ. ಎರಡನೆಯ ಸಲ ಅವಳ ಬೆರಳು ಸರಾಗವಾಗಿ ಓಡಿ, ಗಕ್ಕನೆ ನಿಂತಿತು.

“ನಾಯಕಿಯ ಗಂಡನಿಗೆ ಜ್ವರ. ಮಂಚದ ಪಕ್ಕ ವೈದ್ಯರು ನಾಯಿ ಹಿಡಿದು ಕೂತಿದ್ದಾರೆ.”

“ಅದು ನಾಡಿ ಕಣೇ.”

“ನನ್ನ ಬೆರಳಿಗೆ ಸಿಕ್ಕಿದ್ದು ನಾಯೀನೇ.”

ಹೀಗೇ ಸಾಗಿ ಕೊನೆಯ ಅಧ್ಯಾಯಕ್ಕೆ ಬಂದಾಗ ನನ್ನ ಕೈ ಓಡಲಿಲ್ಲ. ಆ ಗಂಡ ಸತ್ತೇಹೋಗುತ್ತಾನೆ. ಕಣ್ಣು ಕಳೆದುಕೊಂಡು ನೊಂದವಳಿಗೆ ಇದನ್ನು ಓದಿಸುವುದೇ? (ಗಂಡ ಸಾಯುವ ಕಥೆ ಕುಟ್ಟಲು ಗಂಡನಾದ ನನಗೂ ಇರಿಸುಮುರಿಸು.) ಗಟ್ಟಿ ಮನಸ್ಸು ಮಾಡಿ ನಾಲ್ಕು ಪುಟ ನಾನೇ ಬರೆದೆ. ಜ್ವರ ಇಳಿಯಿತು, ಗಂಡ ಎದ್ದು ಕೂತ, ಎಲ್ಲರೂ ಸುಖವಾಗಿ ಬಾಳಿದರು.

ಅವಳು ಓದಿ ಮುಗಿಸಿ, ಕೊನೆಯ ಹಾಳೆಯನ್ನು ಇನ್ನೊಮ್ಮೆ ಸವರಿದಳು.

“ರೀ, ಈ ಲೇಖಕರು ಕೊನೇ ಅಧ್ಯಾಯ ಬರೆಯೋಕ್ಕೆ ಮುಂಚೆ ತೀರಿಕೊಂಡ್ರಾ?”

“ಯಾಕೆ?”

ಬೆರಳಿಟ್ಟು ಓದಿದಳು: “‘ಸದರಿ ನಾಯಕಿಯು ಮೇಲ್ಕಂಡ ಪತಿಯೊಂದಿಗೆ ಸುಖವಾಗಿದ್ದಳೆಂದು ಈ ಮೂಲಕ ತಿಳಿಯಪಡಿಸಲಾಗಿದೆ.’”

ನಾನು ಪ್ರಿಂಟರಿನ ಧೂಳು ಒರೆಸತೊಡಗಿದೆ.

“ನನಗೆ ಹೋಗಿದ್ದು ಕಣ್ಣು ರೀ,” ಎಂದಳು. ದನಿ ಏರಿಸಲಿಲ್ಲ. “ದುಃಖ ತಡ್ಕೊಳ್ಳೋ ಶಕ್ತಿ ಹೋಗಿಲ್ಲ. ನಾನು ಏನು ಓದಬೇಕು ಅಂತ ನೀವೇ ತೀರ್ಮಾನ ಮಾಡೋದಾದ್ರೆ, ಈ ಚುಕ್ಕಿಗಳನ್ನ ನಾನು ಯಾಕೆ ಕಲೀಬೇಕಿತ್ತು?”

ಅವತ್ತೇ ಅಸಲಿ ಅಧ್ಯಾಯವನ್ನು ಒಂದಕ್ಷರ ಬಿಡದೆ ಕುಟ್ಟಿ, ಅಚ್ಚು ಹಾಕಿ ಕೊಟ್ಟೆ. ಮರುದಿನ ಸಂಜೆಯವರೆಗೂ ಕಿಟಕಿಯ ಪಕ್ಕ ಕೂತು ಓದಿದಳು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲು ಬೆರಳಿಗೆ ಬಿಡುವಿರಲಿಲ್ಲ. ಕೊನೆಯ ಹಾಳೆ ಮುಗಿದ ಮೇಲೂ ಅಂಗೈಯನ್ನು ಅದರ ಮೇಲೇ ಇಟ್ಟುಕೊಂಡಿದ್ದಳು.

“ಬೇಜಾರಾಯ್ತಾ?” ಮೆಲ್ಲಗೆ ಕೇಳಿದೆ.

“ಇಲ್ಲ. ನೆಮ್ಮದಿಯಾಗಿ ಸತ್ತ, ಪಾಪ,” ಎಂದಳು. “ನೀವು ಬದುಕಿಸಿದಾಗ ತುಂಬಾ ಒದ್ದಾಡ್ತಿದ್ದ.”