ನಾಲ್ಕನೆಯ ಬಾಟಲಿ ಮತ್ತು ಮಾವನ ಪೀಕದಾನಿ

ನಮ್ಮ ಮಾವನಷ್ಟು ಕಾಫಿಯನ್ನು ಬಾಯಿಗೆ ಹಾಕಿಕೊಂಡವರು ಇಡೀ ಆಲೂರು ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ. ಅವರಷ್ಟು ಕಾಫಿಯನ್ನು ಉಗಿದವರೂ ಇಲ್ಲ! ಹಿರಿಯರನ್ನು ಹಳಿಯುತ್ತಿದ್ದಾಳೆ ಅಂದುಕೊಳ್ಳಬೇಡಿ. ಉಗಿಯುವುದೇ ಅವರ ಉದ್ಯೋಗವಾಗಿತ್ತು. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸಿನಲ್ಲಿ ಮೂವತ್ತು ವರ್ಷ ರುಚಿ ನೋಡುವ ಕೆಲಸ. ಸಾಲಾಗಿ ಇಟ್ಟ ಬಟ್ಟಲುಗಳಿಂದ ಒಂದೊಂದು ಚಮಚ ಸೊರ್ರೆಂದು ಹೀರುವುದು, ಬಾಯೊಳಗೆ ಎರಡು ಸುತ್ತು ತಿರುಗಿಸುವುದು, ಹಿತ್ತಾಳೆ ಪೀಕದಾನಿಗೆ ಉಗಿಯುವುದು, ತೀರ್ಪು ಕೊಡುವುದು. ಇದಕ್ಕೆ ಸಂಬಳ, ಬೋನಸ್ಸು ಬೇರೆ! ನಾವೆಲ್ಲ ಬಿಟ್ಟಿ ಉಗಿದು ಬೈಸಿಕೊಳ್ಳುವವರು.

ನಿವೃತ್ತರಾಗಿ ಮಗ್ಗೆ ಊರಿನ ಆಚೆಗಿನ ತಮ್ಮ ಆರು ಎಕರೆ ಕಾಫಿ ತೋಟಕ್ಕೆ ಬಂದಾಗ ಮಾವ ಕೆಲಸವನ್ನಷ್ಟೇ ಬಿಟ್ಟರು, ಉಗಿಯುವುದನ್ನು ಬಿಡಲಿಲ್ಲ. ಪೀಕದಾನಿ ಜಗಲಿಗೆ ಬಂತು, ಚಮಚ ಅಂಗಿಯ ಜೇಬಿಗೆ. ಮದುವೆಮನೆಯ ಪಾಯಸವೂ ಆ ಚಮಚದಲ್ಲಿ ಪರೀಕ್ಷೆ ಪಾಸಾಗಬೇಕು. ನಮ್ಮಣ್ಣನಿಗೆ ಹೆಣ್ಣು ನೋಡಲು ಸಕಲೇಶಪುರಕ್ಕೆ ಹೋದಾಗ ಏನಾಯಿತು ಗೊತ್ತೇ? ಹುಡುಗಿ ತಲೆ ತಗ್ಗಿಸಿ ಕಾಫಿ ತಂದಿಟ್ಟಳು. ಮಾವ ಚಮಚ ತೆಗೆದರು, ಹೀರಿದರು, ಕಿಟಕಿಯಿಂದಾಚೆ ಉಗಿದು, "ಅರ್ಧಕ್ಕರ್ಧ ಚಿಕೋರಿ ಐತೆ" ಅಂದರು. ಹುಡುಗಿಯ ಅಪ್ಪನದು ಊರಿನಲ್ಲೇ ಹೆಸರಾದ ಕಾಫಿಪುಡಿ ಅಂಗಡಿ! ಮದುವೆಯೇನೋ ಆಯಿತು. ಅತ್ತಿಗೆ ಇವತ್ತಿಗೂ ಮಾವ ಬಂದರೆ ಮಜ್ಜಿಗೆ ಕೊಡುತ್ತಾಳೆ.

ಇಂಥವರ ಜೊತೆ ಸಂಸಾರ ಮಾಡಿದವರು ನಮ್ಮಪ್ಪನ ತಂಗಿ, ನನ್ನ ಅತ್ತೆ. ಮಾವನ ಮೂಗು ಕೆಡುತ್ತದೆಂದು ಮಧ್ಯಾಹ್ನದವರೆಗೆ ಮನೆಯಲ್ಲಿ ಊದುಬತ್ತಿ ಹಚ್ಚುವಂತಿರಲಿಲ್ಲ, ಒಗ್ಗರಣೆಗೆ ಬೆಳ್ಳುಳ್ಳಿ ಹಾಕುವಂತಿರಲಿಲ್ಲ, ಅತ್ತೆ ಮಲ್ಲಿಗೆ ಮುಡಿಯುವಂತಿರಲಿಲ್ಲ. ಇಷ್ಟೆಲ್ಲ ನುಂಗಿಕೊಂಡೂ ಅವರು ದಿನಾ ಬೆಳಿಗ್ಗೆ ಲೋಟ ಕೈಗಿತ್ತು, "ಹೆಂಗೈತೆ?" ಎಂದು ಕೇಳುತ್ತಿದ್ದರು. ಮಾವ ಮೊದಲ ಚಮಚವನ್ನು ದಾಸವಾಳದ ಬುಡಕ್ಕೆ ಉಗಿದು, ಒಂದಲ್ಲ ಒಂದು ಕೊಂಕು ತೆಗೆದು, ಉಳಿದದ್ದನ್ನು ಕುಡಿಯುತ್ತಿದ್ದರು. ಆ ದಾಸವಾಳ ಮಾತ್ರ ಸೊಂಪಾಗಿ ಬೆಳೆದಿದೆ.

ಎರಡು ವರ್ಷದ ಹಿಂದೆ, ಸರಿಯಾಗಿ ಕೊಯ್ಲಿನ ಹೊತ್ತಿಗೆ, ಮಾವ ತೋಟದಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು. ಅತ್ತೆಯೇ ಆಳುಗಳನ್ನು ಕರೆದು ಹಣ್ಣು ಕೊಯ್ಯಿಸಿದರು, ಕಣದಲ್ಲಿ ಹರವಿಸಿದರು. ನಡುವೆ ಅಕಾಲದ ಮಳೆ ಬಂದಾಗ ಗೋಣಿ, ಟಾರ್ಪಾಲು ಹೊತ್ತು ಓಡಾಡಿ ಕಾಳು ಉಳಿಸಿದರು. ಎಲ್ಲ ಮುಗಿದ ಮೇಲೆ ಒಂದು ಹಿಡಿ ಹುರಿದು, ಪುಡಿ ಮಾಡಿ, ಮಂಚದ ಮೇಲಿದ್ದ ಮಾವನ ಮುಂದೆ ಬಟ್ಟಲಿಟ್ಟು, "ಹೆಂಗೈತೆ?" ಅಂದರು. ಆಳುಗಳೆಲ್ಲ ಬಾಗಿಲಲ್ಲಿ ನಿಂತಿದ್ದರು. ಮಾವ ಹೀರಿದರು. ಉಗಿದರು.

"ಗೋಣಿ ವಾಸನೆ," ಅಂದು ಗೋಡೆಯ ಕಡೆ ತಿರುಗಿ ಮಲಗಿದರು.

ಅವತ್ತಿನಿಂದ ಅತ್ತೆ ಕಾಫಿ ಕೊಡುವುದನ್ನು ನಿಲ್ಲಿಸಲಿಲ್ಲ. "ಹೆಂಗೈತೆ?" ಎಂದು ಕೇಳುವುದನ್ನು ನಿಲ್ಲಿಸಿದರು. ಲೋಟವನ್ನು ಟಕ್ಕೆಂದು ಇಟ್ಟು ಒಳಗೆ ಹೋಗಿಬಿಡುತ್ತಿದ್ದರು. ಕೇಳುವವರಿಲ್ಲದ ಮಾವ ತೀರ್ಪನ್ನು ದಾಸವಾಳಕ್ಕೇ ಹೇಳಿಕೊಳ್ಳಬೇಕಾಯಿತು. ಎರಡು ವರ್ಷ! ನೋಡಿದವರಿಗೆ ನಗು ಬರುತ್ತಿತ್ತು, ಅತ್ತೆಯ ಮುಖ ನೋಡಿದರೆ ನಗು ನಿಲ್ಲುತ್ತಿತ್ತು.

ಮಾವ ಕಾಲು ಮುರಿದುಕೊಂಡ ವರ್ಷವೇ ಪಕ್ಕದ ಹೋಂಸ್ಟೇಗೆ ಇಂಗ್ಲೆಂಡಿನಿಂದ ಒಬ್ಬ ಅತಿಥಿ ಬಂದಿದ್ದ. ಅವನದೊಂದು ಬಿಯರ್ ಕಾರ್ಖಾನೆ. ಕಾರ್ಖಾನೆ ಅಂದರೆ ನಮ್ಮ ದನದ ಕೊಟ್ಟಿಗೆಯಷ್ಟು ಜಾಗ, ಮೂರು ಹಂಡೆ, ಅವನು, ಅವನ ಹೆಂಡತಿ. ಅಲ್ಲಿ ಏಲ್ ಎಂಬ ಹಳೆಯ ಬಗೆಯ ಬಿಯರ್ ಕಾಯಿಸುತ್ತಾರಂತೆ. ತೋಟ ನೋಡಲು ಬಂದವನಿಗೆ ಅತ್ತೆ, ಮಾವ ಬೇಡವೆಂದ ಆ ಕಾಫಿಯಲ್ಲೇ ಒಂದು ಚೀಲ ಕೊಟ್ಟು ಕಳಿಸಿದ್ದರು. ಈ ಜನವರಿಯಲ್ಲಿ ಅವನು ಮತ್ತೆ ಬಂದ, ಕಾಲುಚೀಲಗಳಲ್ಲಿ ಸುತ್ತಿದ ನಾಲ್ಕು ಬಾಟಲಿ ಏಲ್ ಜೊತೆಗೆ. ಮಾವನಂಥ ನಾಲಿಗೆಯಿಂದ ತೀರ್ಪು ಬೇಕಂತೆ. ನಾನು ಸಕಲೇಶಪುರದಲ್ಲಿ ಇಂಗ್ಲಿಷ್ ಮೇಡಂ ಆದ್ದರಿಂದ ಭಾನುವಾರ ದುಭಾಷಿಯಾಗಿ ನನಗೆ ಕರೆ ಬಂತು. ಗೇಟಿನ ಹತ್ತಿರ ಅವನು ನನಗೊಂದು ಗುಟ್ಟು ಹೇಳಿದ: ನಾಲ್ಕನೆಯ ಬಾಟಲಿಯ ಕಪ್ಪು ಏಲಿಗೆ ಹಾಕಿರುವುದು ಅತ್ತೆಯ ಕಾಫಿ. ಅದನ್ನು ಅತ್ತೆಯ ಕಿವಿಗೆ ಹಾಕಿದೆ. ಮಾವನಿಗೆ ಹೇಳಲಿಲ್ಲ.

ಅತ್ತೆಯ ಕೋಪ ಬೇರೆಯದಕ್ಕಿತ್ತು. "ಕೊರಳಲ್ಲಿ ಲಿಂಗ ಕಟ್ಕಂಡು ಜಗಲಿ ಮೇಲೆ ಹೆಂಡ ಕುಡೀತೀರೇನ್ರೀ?"

"ಗಂಟಲು ದಾಟಿದ್ರೆ ಕುಡಿತ ಕಣೇ. ಬಾಯಲ್ಲಿದ್ರೆ ಕೆಲಸ."

"ಒಂದು ತೊಟ್ಟು ಗಂಟಲಿಳೀಲಿ, ನಾಳೆಯಿಂದ ನಿಮ್ಮ ಕಾಪಿ ನೀವೇ ಕಾಯಿಸ್ಕಳಿ," ಎಂದು ಅತ್ತೆ ಬಾಗಿಲ ಹಿಂದೆ ಹೋಗಿ ನಿಂತರು.

ಬೆಳಗಿನ ಹನ್ನೊಂದು ಗಂಟೆ. ಫ್ರಿಜ್ಜಿನಲ್ಲಿಡಲೇ ಎಂದು ನಾನು ಕೇಳಿದ್ದಕ್ಕೆ ಅತಿಥಿ ಹೌಹಾರಿದ. ಏಲನ್ನು ಮಂಜುಗಡ್ಡೆಯಂತೆ ಮಾಡಿದರೆ ರುಚಿಯೇ ತಿಳಿಯುವುದಿಲ್ಲವಂತೆ.

"ಈ ಮನುಷ್ಯಂಗೆ ಕೆಲಸ ಗೊತ್ತೈತೆ," ಅಂದರು ಮಾವ.

"ಹೊರಗಿನೋರಿಗಾದ್ರೆ ಸರ್ಟಿಫಿಕೇಟು ಬೇಗ ಸಿಗ್ತದೆ," ಎಂದಿತು ಬಾಗಿಲು.

ಮೊದಲನೆಯದು ಹೊಂಬಣ್ಣದ್ದು. ಗಾಜಿನ ಲೋಟ ಮುಂದೆ ಮಾಡಿದರೆ ಮಾವ ತಮ್ಮ ಚಮಚ ತೆಗೆದರು. ಸೊರ್! ಅತಿಥಿ ಬೆಚ್ಚಿದ. ಠಣ್ ಎಂದಿತು ಪೀಕದಾನಿ. "ಹೂವಿನ ವಾಸನೆ ಐತೆ. ಒಣಹುಲ್ಲೂ ಐತೆ. ಹಂಡೆ ಸರಿಯಾಗಿ ತೊಳ್ದಿಲ್ಲ." ಹೂವಿನ ಪರಿಮಳ ಬಹಳ ಹಿಡಿಸಿತಂತೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದೆ. ಎರಡನೆಯದು ಕಹಿ ಏಲು. ಠಣ್. "ಬೇವಿನ ಕಷಾಯ. ಜ್ವರ ಬಂದೋರಿಗೆ ಕೊಡಬೋದು." ಆರೋಗ್ಯಕ್ಕೆ ಒಳ್ಳೆಯದಂತೆ, ಅಂದೆ. ಮೂರನೆಯದಕ್ಕೆ ಮಾವ ಐದು ನಿಮಿಷ ಮಾತಾಡಿದರು, ಅದರಲ್ಲಿ ಬೆಲ್ಲದ ಪಾತ್ರೆ ತೊಳೆದ ನೀರಿನ ಪ್ರಸ್ತಾಪ ಎರಡು ಸಲ ಬಂತು. ನಾನು "ಸಿಹಿ ಹದವಾಗಿದೆಯಂತೆ" ಎಂದು ಒಂದೇ ಸಾಲಿನಲ್ಲಿ ಮುಗಿಸಿದಾಗ ಅತಿಥಿ ನನ್ನನ್ನು ಅನುಮಾನದಿಂದ ನೋಡಿದ. ಕನ್ನಡ ಇಷ್ಟು ಉದ್ದದ ಭಾಷೆಯೇ ಎಂದು ಕೇಳಿಯೂ ಬಿಟ್ಟ!

ನಾಲ್ಕನೆಯ ಬಾಟಲಿ ತೆರೆಯಿತು. ಬಾಗಿಲ ಹಿಂದೆ ಅತ್ತೆಯ ಬಳೆ ಸದ್ದು ನಿಂತಿತು. ನನಗೆ ನಿಜಕ್ಕೂ ಭಯವಾಯಿತು. ಈ ಮನುಷ್ಯ ಮತ್ತೊಮ್ಮೆ ಗೋಣಿ ಅಂದರೆ ಅತ್ತೆ ಇನ್ನು ಬದುಕಿರುವವರೆಗೂ "ಹೆಂಗೈತೆ?" ಎಂದು ಕೇಳುವುದಿಲ್ಲ.

ಮಾವ ಹೀರಿದರು. ಬಾಯೊಳಗೆ ಒಂದು ಸುತ್ತು, ಎರಡು, ಮೂರು. ಚಮಚ ಅಲ್ಲೇ ನಿಂತಿತು. ಠಣ್ ಎನ್ನುವುದಕ್ಕೆ ನಾವೆಲ್ಲ ಕಾದೆವು. ಪೀಕದಾನಿ ಸುಮ್ಮನಿತ್ತು. ಮಾವನ ಗಂಟಲಮಣಿ ಮೇಲೆ ಹೋಗಿ ಕೆಳಗಿಳಿಯಿತು.

ಅತ್ತೆ ಜಗಲಿಗೆ ಬಂದರು. "ಯಾಕ್ರೀ, ಉಗೀಲಿಲ್ಲ?"

ಮಾವ ತಲೆಯೆತ್ತಲಿಲ್ಲ. "ನಮ್ ತೋಟದ ಕೆಳಗಿನ ಪಟ್ಟೆ ಗಿಡದ್ದು. ಹಲಸಿನ ಮರದ ನೆರಳಿಂದು. ಮಳೆ ಬಿದ್ದಾಗ ಮುಚ್ಚಿ, ಆಮೇಲೆ ಎಳೆ ಬಿಸಿಲಲ್ಲಿ ಒಣಗಿಸವ್ರೆ." ಚಮಚವನ್ನು ಲೋಟದ ಪಕ್ಕಕ್ಕಿಟ್ಟರು. "ನಿನ್ ಕಾಪಿ ಕಣೇ. ಹೆಂಗೆ ಉಗಿಯದು?"

"ಗೋಣಿ ವಾಸನೆ ಅಂದಿದ್ರಿ."

"ಅವತ್ತೂ ಇರ್ಲಿಲ್ಲ. ನಾನಿಲ್ದೇನೇ ಇಷ್ಟು ಚೆನ್ನಾಗಿ ಮಾಡ್ಬುಟ್ಟಿದ್ದೆ ನೀನು. ಮಂಚದ ಮೇಲೆ ಬಿದ್ಕಂಡು ನಂಗೆ ಹೊಟ್ಟೆ ಉರೀತು."

ನನ್ನ ಇಂಗ್ಲಿಷು ಅಲ್ಲಿಗೆ ಕೈಕೊಟ್ಟಿತು. ಅತಿಥಿ "ಏನಂದರು, ಏನಂದರು?" ಎಂದು ಕೇಳುತ್ತಲೇ ಇದ್ದ, ನಾನು ಕಣ್ಣು ಒರೆಸಿಕೊಳ್ಳುತ್ತಿದ್ದೆ. ಇಷ್ಟು ವರ್ಷ ನಾವೆಲ್ಲ ಆಡಿಕೊಂಡು ನಕ್ಕಿದ್ದ ನಾಲಿಗೆ ಅದು. ಸುಳ್ಳು ಹೇಳಿದ್ದು ಒಂದೇ ಸಲ, ಅದೂ ಹೆಂಡತಿಗೆ! ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದರು.

ಆದರೆ ಆಡಿದ ಮಾತಿಗೆ ಅವರು ತಪ್ಪುವವರಲ್ಲ. ಮಾರನೆಯ ಬೆಳಿಗ್ಗೆ ನಾನು ಬಸ್ಸಿಗೆ ಹೊರಡಲು ಎದ್ದಾಗ ಅಡುಗೆಮನೆಯಿಂದ ಹಾಲು ಸೀದ ವಾಸನೆ. ಒಲೆಯ ಮುಂದೆ ಮಾವ! ಅತ್ತೆ ಮಣೆ ಹಾಕಿಕೊಂಡು ಗೋಡೆಗೊರಗಿ ಕೂತಿದ್ದರು, ತಲೆಯಲ್ಲಿ ಒಂದು ಮೊಳ ಮಲ್ಲಿಗೆ.

ಮಾವ ಎರಡು ಕೈಯಲ್ಲೂ ಲೋಟ ಹಿಡಿದು ತಂದು ಕೊಟ್ಟರು. ಕೊಟ್ಟು ಅಲ್ಲೇ ನಿಂತರು.

"ಹೆಂಗೈತೆ?" ಅಂದರು.

ಅತ್ತೆ ಕೈ ಚಾಚಿ ಮಾವನ ಜೇಬಿನಿಂದ ಚಮಚ ತೆಗೆದರು. ಸೊರ್ರೆಂದು ಹೀರಿದರು. ಬಾಯೊಳಗೆ ಎರಡು ಸುತ್ತು ತಿರುಗಿಸಿದರು. ನುಂಗಿದರು.

"ಗೋಣಿ ವಾಸನೆ," ಎಂದು ಹೇಳಿ, ಲೋಟದ ತಳ ಕಾಣುವವರೆಗೂ ಕುಡಿದರು.