ಮೂಟೆಯೋ ಮನುಷ್ಯರೋ

ಹೆದರುವವರಲ್ಲಿ ಎರಡು ಪಂಗಡ. ತಪ್ಪು ಮಾಡಿ ಹೆದರುವವರದು ಒಂದು, ತಪ್ಪು ಮಾಡಿದೆನೋ ಇಲ್ಲವೋ ಎಂದು ಹೆದರುವವರದು ಇನ್ನೊಂದು. ಮೊದಲನೆಯವರ ಸ್ಥಿತಿ ಎಷ್ಟೋ ವಾಸಿ. ತಪ್ಪು ಯಾವುದೆಂದು ಅವರಿಗೆ ಗೊತ್ತಿರುತ್ತದೆ. ಒಮ್ಮೆ ಬೈಸಿಕೊಂಡುಬಿಟ್ಟರೆ ಆ ಮೇಲಿನ ಊಟವಾದರೂ ರುಚಿಸುತ್ತದೆ. ನಾನು ಎರಡನೆಯ ಪಂಗಡದ ಆಜೀವ ಸದಸ್ಯೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದವಳು, ನೋಂದಣಿ ಸಂಖ್ಯೆ ಬರೆದೆನೋ ಇಲ್ಲವೋ ಎಂದು ಮತ್ತೆ ಒಳಗೆ ಓಡಿ, ಮೇಲ್ವಿಚಾರಕರು ಆಗಲೇ ದಾರ ಸುತ್ತಿದ್ದ ಕಟ್ಟನ್ನು ಬಿಚ್ಚಿಸಿದ್ದೆ. ಬರೆದಿದ್ದೆ. ಎರಡು ಕಡೆ ಬರೆದಿದ್ದೆ. ಅವರು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಇಂಥ ನನಗೆ ನಲವತ್ತಾರನೆಯ ವಯಸ್ಸಿನಲ್ಲಿ ಚೆನ್ನೈನಲ್ಲಿ ಒಂದು ಕೆಲಸ ಸಿಕ್ಕಿತು: ಚಾಲಕನಿಲ್ಲದೆ ಓಡುವ ಕಾರಿಗೆ ಲೋಕವನ್ನು ಗುರುತಿಸಲು ಕಲಿಸುವುದು. ಕೇಳುವುದಕ್ಕೆ ದೊಡ್ಡ ಮಾತು. ಮಾಡುವುದು ಇಷ್ಟೇ. ಅಂಥ ಕಾರಿನ ನೆತ್ತಿಯ ಮೇಲೆ ಹಿಟ್ಟಿನ ಡಬ್ಬಿಯಷ್ಟು ಗಾತ್ರದ ಲೈಡಾರ್ ಎಂಬ ಯಂತ್ರ ಗಿರಗಿರ ತಿರುಗುತ್ತಿರುತ್ತದೆ. ಕಣ್ಣಿಗೆ ಕಾಣದ ಬೆಳಕನ್ನು ಸುತ್ತಲೂ ಎಸೆಯುತ್ತದೆ. ಬೆಳಕು ಎಲ್ಲಿ ತಗುಲಿ ಹಿಂದಿರುಗಿತೋ ಅಲ್ಲೊಂದು ಚುಕ್ಕಿ ಇಡುತ್ತದೆ. ಹೀಗೆ ಇಡೀ ರಸ್ತೆ ಲಕ್ಷಾಂತರ ಚುಕ್ಕಿಗಳಾಗಿ ನಮ್ಮ ಕಂಪ್ಯೂಟರಿಗೆ ಬರುತ್ತದೆ. ಬಣ್ಣವಿಲ್ಲ, ಮುಖವಿಲ್ಲ. ಆ ಚುಕ್ಕಿಗಳ ಗುಂಪಿನ ಸುತ್ತ ಒಂದು ಪೆಟ್ಟಿಗೆ ಎಳೆದು ಇದು ಕಾರು, ಇದು ಆಟೋ, ಇದು ಮನುಷ್ಯ ಎಂದು ಹೆಸರಿಡುವುದು ನನ್ನ ಕೆಲಸ. ಮದುವೆಗೆ ಮುಂಚೆ ಮೈಸೂರಿನ ಒಂದು ಸರ್ವೆ ಕಚೇರಿಯಲ್ಲಿ ನಕ್ಷೆಗಳನ್ನು ಟ್ರೇಸ್ ಮಾಡುತ್ತಿದ್ದೆ ಎಂಬುದಷ್ಟೇ ನನ್ನ ಅರ್ಹತೆ. ಸಂದರ್ಶನದಲ್ಲಿ ತಂಡದ ಮುಖ್ಯಸ್ಥೆ ಮಲರ್ ಒಂದು ಚುಕ್ಕಿಗಳ ಮೋಡ ತೋರಿಸಿ ಏನು ಕಾಣಿಸುತ್ತಿದೆ ಎಂದು ಕೇಳಿದಳು. "ಸೈಕಲ್ ತುಳಿಯುತ್ತಿರುವ ಗಂಡಸು, ಹಿಂದೆ ಗ್ಯಾಸ್ ಸಿಲಿಂಡರ್, ಗಾಳಿ ಕಮ್ಮಿ ಇರುವ ಟೈರು" ಎಂದೆ. ನನ್ನ ಮಗಳಿಗಿಂತ ನಾಲ್ಕೈದು ವರ್ಷ ದೊಡ್ಡವಳಿರಬಹುದಾದ ಆ ಹುಡುಗಿ ಎದ್ದು ನಿಂತು ಕೈ ಕುಲುಕಿದಳು. ಅಂದಿನಿಂದ ನಾನು ಅವಳಿಗೆ ಅಕ್ಕ.

ಎರಡು ವರ್ಷ ಸುಖವಾಗಿದ್ದೆ. ಅನುಮಾನಪಡುವುದಕ್ಕೆ ಮನೆಯಲ್ಲಿ ಬೈಗುಳ, ಇಲ್ಲಿ ಸಂಬಳ. ಹಾಗಿರುವಾಗ ಒಂದು ಸೋಮವಾರ ಮಲರ್ ನಮ್ಮ ಹನ್ನೆರಡು ಜನರನ್ನೂ ಕರೆದು ಹೇಳಿದಳು: "ಇನ್ನು ಮೇಲೆ ನೀವು ಪೆಟ್ಟಿಗೆ ಎಳೆಯಬೇಕಾಗಿಲ್ಲ. ಅದನ್ನೂ ಕಂಪ್ಯೂಟರಿನೊಳಗಿನ ಯಂತ್ರವೇ ಎಳೆದು ಹೆಸರು ಬರೆಯುತ್ತದೆ. ನೀವು ಸರಿಯೋ ತಪ್ಪೋ ನೋಡಿದರೆ ಸಾಕು."

ಆ 'ಸಾಕು' ಅಷ್ಟಕ್ಕೇ ಮುಗಿಯಲಿಲ್ಲ. ಒಂದು ತಿಂಗಳು ಪರೀಕ್ಷೆಯಂತೆ. ಯಂತ್ರ ಒಂದು ಹೇಳಿ ನಾವು ಇನ್ನೊಂದು ಹೇಳಿದ ಕಡೆಯೆಲ್ಲ ಒಂದು ಪಟ್ಟಿಯಲ್ಲಿ ದಾಖಲಾಗುತ್ತದಂತೆ. ಆಮೇಲೆ ಎಷ್ಟು ಜನ ಬೇಕು ಎಂದು ಮೇಲಿನವರು ಯೋಚಿಸುತ್ತಾರಂತೆ. ಅಂದು ಮಧ್ಯಾಹ್ನ ನಾವು ಹನ್ನೆರಡು ಜನವೂ ಡಬ್ಬಿ ತೆರೆದೆವು, ಮುಚ್ಚಿದೆವು. ಯಾರ ಮೊಸರನ್ನವನ್ನೂ ಯಾರೂ ಕೇಳಲಿಲ್ಲ.

ಮೊದಲೆರಡು ವಾರ ಮಾತ್ರ ಯಂತ್ರ ನನ್ನ ಪಾಲಿಗೆ ದೇವರಂತಿತ್ತು. ಅಷ್ಟು ತಪ್ಪು ಮಾಡುತ್ತಿತ್ತು. ಮದುವೆ ಮಂಟಪದ ಬಾಗಿಲಿಗೆ ಕಟ್ಟಿದ್ದ ಎರಡು ಬಾಳೆಗಿಡಗಳನ್ನು 'ರಸ್ತೆ ದಾಟಲು ಕಾಯುತ್ತಿರುವ ಇಬ್ಬರು' ಎಂದಿತು. ನಡುರಸ್ತೆಯಲ್ಲಿ ಮಲಗಿ ಮೆಲುಕು ಹಾಕುತ್ತಿದ್ದ ಎಮ್ಮೆಯನ್ನು 'ನಿಲ್ಲಿಸಿದ ಕಾರು' ಎಂದಿತು. ಗಂಡ, ಹೆಂಡತಿ, ಎರಡು ಮಕ್ಕಳು, ಒಂದು ಕುಕ್ಕರ್ ಪೆಟ್ಟಿಗೆ ಕೂತಿದ್ದ ಸ್ಕೂಟರನ್ನು 'ಸಣ್ಣ ಲಾರಿ' ಎಂದಿತು. ನಾನು ತಿದ್ದಿದ್ದೇ ತಿದ್ದಿದ್ದು. ಸಂಜೆ ಮನೆಗೆ ಬಂದು ಯಂತ್ರದ ಪೆದ್ದುತನವನ್ನು ನೆರೆಮನೆಯ ಸೊಸೆಯ ಸುದ್ದಿಯಂತೆ ಬಣ್ಣಿಸುತ್ತಿದ್ದೆ. ವಿಮಾ ಕಚೇರಿಯಲ್ಲಿ ಕೆಲಸ ಮಾಡುವ ನಮ್ಮ ಯಜಮಾನರು ಕೇಳಿಸಿಕೊಂಡು, "ಅಷ್ಟು ಹಿಗ್ಗಬೇಡ ಕಣೇ. ನೀನು ತಿದ್ದಿದಷ್ಟೂ ಅದು ಕಲಿಯುತ್ತೆ" ಎಂದರು. ವಿಮೆಯವರಿಗೆ ಇನ್ನೊಬ್ಬರ ಸಂತೋಷದಲ್ಲಿ ಅಪಾಯ ಎಲ್ಲಿದೆ ಎಂದು ಹುಡುಕುವುದು ಅಭ್ಯಾಸ.

ಮೂರನೆಯ ವಾರ ಪಲ್ಲಾವರಂ ಸಂತೆಯ ಚುಕ್ಕಿಗಳು ಬಂದವು. ಶುಕ್ರವಾರ ಶುಕ್ರವಾರ ನಡೆಯುವ ಆ ಸಂತೆಯಲ್ಲಿ ಹಳೆಯ ಫ್ಯಾನು, ಹಳೆಯ ಬೀರು, ಗಿಡ, ಬಟ್ಟೆ, ಏನು ಬೇಕಾದರೂ ಸಿಗುತ್ತದೆ. ಸಾಮಾನ್ಯವಾಗಿ ಚುಕ್ಕಿಗಳ ಜೊತೆಗೆ ಕ್ಯಾಮೆರಾದ ಚಿತ್ರವೂ ಇರುತ್ತದೆ. ಆ ದಿನ ಕ್ಯಾಮೆರಾದ ಗಾಜಿನ ಮೇಲೆ ಯಾವುದೋ ಕಾಗೆ ತನ್ನ ಅಭಿಪ್ರಾಯವನ್ನು ಧಾರಾಳವಾಗಿ ತಿಳಿಸಿತ್ತು. ಹಾಗಾಗಿ ಚುಕ್ಕಿಗಳೇ ಗತಿ. ರಸ್ತೆಯ ಅಂಚಿನಲ್ಲಿ, ಓರೆಯಾಗಿ ನಿಂತ ವಿದ್ಯುತ್ ಕಂಬದ ಪಕ್ಕ, ಸಾಲು ಬೀರುಗಳ ಮುಂದೆ ಒಂದು ಗುಪ್ಪೆ ಕಂಡಿತು. ಎರಡೂಕಾಲು ಅಡಿ ಎತ್ತರ. ಯಂತ್ರ ಅದರ ಸುತ್ತ ಪೆಟ್ಟಿಗೆ ಎಳೆದು 'ಮನುಷ್ಯ' ಎಂದು ಬರೆದಿತ್ತು. ನನಗೆ ನಗು ಬಂತು. ಕಾರು ಸಂತೆಯ ಜನದಲ್ಲಿ ಸಿಕ್ಕಿಕೊಂಡು ಅಲ್ಲೇ ಬಹಳ ಹೊತ್ತು ನಿಂತಿದೆ. ಅಷ್ಟು ಹೊತ್ತೂ ಈ ಗುಪ್ಪೆ ಒಂದು ಕೂದಲೆಳೆಯಷ್ಟೂ ಅಲುಗಾಡಿಲ್ಲ. ಮನುಷ್ಯನಾದವನು ಕೆರೆದುಕೊಳ್ಳುವುದಿಲ್ಲವೇ, ಸೊಳ್ಳೆ ಓಡಿಸುವುದಿಲ್ಲವೇ? 'ಮನುಷ್ಯ'ನನ್ನು ಅಳಿಸಿ 'ಮೂಟೆ' ಎಂದು ಬರೆದು ಒಪ್ಪಿಗೆ ಒತ್ತಿದೆ.

ಮೂರು ದಿನ ಅದರ ನೆನಪೇ ಇರಲಿಲ್ಲ. ಭಾನುವಾರ ಬೆಳಿಗ್ಗೆ ದೋಸೆ ಹಿಟ್ಟಿಗೆ ಉಪ್ಪು ಹಾಕುತ್ತಾ ಬಾಲ್ಕನಿಯ ಕಡೆ ನೋಡಿದೆ. ನಮ್ಮ ಯಜಮಾನರು ನೆಲದ ಮೇಲೆ ಪೇಪರ್ ಹರಡಿ, ಬೆನ್ನು ಬಾಗಿಸಿ, ಮೊಣಕಾಲಿನ ಮೇಲೆ ಗಲ್ಲವಿಟ್ಟು ಕಾಲುಗುರು ಕತ್ತರಿಸುತ್ತಿದ್ದರು. ಹಿಂದಿನಿಂದ ನೋಡಿದರೆ ಸಾಕ್ಷಾತ್ ಮೂಟೆ. ನನ್ನ ಕೈಯಲ್ಲಿದ್ದ ಸೌಟು ನಿಂತುಬಿಟ್ಟಿತು.

"ರೀ, ಹಾಗೇ ಇರಿ. ಅಲ್ಲಾಡಬೇಡಿ."

"ಯಾಕೆ? ಹಲ್ಲಿ ಗಿಲ್ಲಿ ಬಿತ್ತಾ?"

"ಉಸಿರೂ ಬಿಡಬೇಡಿ" ಎಂದು ಹೇಳಿ ಒಳಗಿನಿಂದ ಹೊಲಿಗೆಯ ಟೇಪ್ ತಂದು ಅಳೆದೆ. ಎರಡೂಕಾಲು ಅಡಿ. ಅಷ್ಟರಲ್ಲಿ ನಮ್ಮ ಮಗಳು ಮೇಘನಾ ಹಲ್ಲುಜ್ಜುತ್ತಾ ಬಂದಳು. ಚೆನ್ನೈನಲ್ಲೇ ಹುಟ್ಟಿ ಬೆಳೆದ ಅವಳಿಗೆ ಕನ್ನಡದಲ್ಲಿ ಬೈದರೆ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. "ಎನ್ನಮ್ಮಾ ಪಣ್ಣ್‌ರೆ? ಅಪ್ಪಾವೆ ಏನ್ ಅಳಕ್ಕರೆ?" ಅಪ್ಪನನ್ನು ಯಾಕೆ ಅಳೆಯುತ್ತಿದ್ದೀ ಎಂದು ಕೇಳಿದಳು. ಏನೆಂದು ಹೇಳಲಿ? ಒಬ್ಬ ಮನುಷ್ಯನನ್ನು ಮೂಟೆ ಮಾಡಿಬಿಟ್ಟೆನೇನೋ ಎಂದೆ. "ಅದು ಮದುವೆಯಾದ ಮೇಲೆ ತಾನಾಗೇ ಆಗಿದ್ದು, ನಿನ್ನ ತಪ್ಪಿಲ್ಲ" ಎಂದರು ಯಜಮಾನರು.

ನಗುವ ಸ್ಥಿತಿಯಲ್ಲಿ ನಾನಿರಲಿಲ್ಲ. ನನ್ನ ಪೆಟ್ಟಿಗೆಯನ್ನು ನೋಡಿ ಕಾರು ಕಲಿಯುತ್ತದೆ. ರಸ್ತೆಯಂಚಿನಲ್ಲಿ ಅಲುಗಾಡದೆ ಕೂತಿದ್ದು ಮೂಟೆ ಎಂದು ಕಲಿಯುತ್ತದೆ. ಮೂಟೆಯನ್ನು ಕಂಡರೆ ಕಾರು ಎಷ್ಟು ದೂರ ಬಿಟ್ಟು ಹೋಗುತ್ತದೆ, ಮನುಷ್ಯನನ್ನು ಕಂಡರೆ ಎಷ್ಟು ದೂರ? ಸೋಮವಾರ ಮಲರ್‌ಗೆ ಹೇಳಿಬಿಡೋಣವೆಂದು ಅವಳ ಮೇಜಿನ ತನಕ ಹೋದೆ. ಅಲ್ಲಿ ಆ ಪಟ್ಟಿ ತೆರೆದಿತ್ತು. ನಾನೇ ಹೋಗಿ 'ಯಂತ್ರ ಸರಿ, ನಾನು ತಪ್ಪು' ಎಂದು ನನ್ನ ಹೆಸರಿನ ಮುಂದೆ ಬರೆಸಿಕೊಳ್ಳಬೇಕೇ? ಅದೂ ತಪ್ಪು ಹೌದೋ ಅಲ್ಲವೋ ಗೊತ್ತಿಲ್ಲದಿರುವಾಗ? "ಏನಕ್ಕಾ?" ಎಂದಳು. "ಎ.ಸಿ. ಸ್ವಲ್ಪ ಜಾಸ್ತಿ ಇದೆ" ಎಂದೆ. ಮಂಗಳವಾರ ಮತ್ತೆ ಹೋದೆ, "ಎ.ಸಿ. ಸ್ವಲ್ಪ ಕಮ್ಮಿ ಇದೆ" ಎಂದು ಬಂದೆ. ಬುಧವಾರ ಅವಳೇ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. ಪಲ್ಲಾವರಂ ಕಡತ ಶುಕ್ರವಾರ ಸಂಜೆ ಕಂಪನಿಯಿಂದ ಹೊರಗೆ ಹೋಗುತ್ತದೆ, ಆಮೇಲೆ ತಿದ್ದುವಂತಿಲ್ಲ ಎಂದು ಗುರುವಾರ ತಿಳಿಯಿತು. ಅಂದು ನನ್ನ ಸಾರಿಗೆ ಉಪ್ಪೇ ಬೀಳಲಿಲ್ಲ.

ಶುಕ್ರವಾರ ಹತ್ತು ಗಂಟೆಗೆ ಹಲ್ಲುನೋವು ಎಂದು ಸುಳ್ಳು ಹೇಳಿ, ಲಿಫ್ಟಿನ ಬಾಗಿಲು ಮುಚ್ಚುವವರೆಗೂ ಕೆನ್ನೆ ಹಿಡಿದುಕೊಂಡು, ಲೋಕಲ್ ರೈಲು ಹತ್ತಿ ಪಲ್ಲಾವರಂನಲ್ಲಿ ಇಳಿದೆ. ಸಂತೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ತಲೆಯ ಮೇಲೆ ವಿಮಾನ, ತಲೆಯ ಒಳಗೆ ಬಿಸಿಲು. ಬಣ್ಣಗಳಿಂದ ತುಂಬಿದ ಆ ಜಾಗ ನನಗೆ ಗುರುತೇ ಸಿಗಲಿಲ್ಲ. ನಾನು ಕಂಡಿದ್ದು ಬರೀ ಚುಕ್ಕಿಗಳನ್ನು. ಅರ್ಧ ಗಂಟೆ ಅಲೆದ ಮೇಲೆ ಓರೆ ಕಂಬ ಕಂಡಿತು. ಸಾಲು ಬೀರುಗಳು ಕಂಡವು. ಅವುಗಳ ಮುಂದೆ, ನನ್ನ ಗುಪ್ಪೆ. ಗೋಣಿಚೀಲ ಹೊದಿಸಿದ್ದ, ಬಾಯಿ ಮುಚ್ಚಿದ್ದ ಅಪ್ಪಟ ಮೂಟೆ! ಆ ನಡುರಸ್ತೆಯಲ್ಲಿ ಅದಕ್ಕೆ ಅಡ್ಡಬೀಳಬೇಕು ಎನಿಸಿತು. ಸಾಕ್ಷಿಗಿರಲಿ ಎಂದು ಮೊಬೈಲ್ ತೆಗೆದು ಫೋಟೋಗೆ ಬಗ್ಗಿದೆ.

ಮೂಟೆ ಕೆಮ್ಮಿತು.

"ಇನ್ನಾಮ್ಮಾ ಪಾಕ್ಕುರೆ?" ಏನು ನೋಡ್ತಿದ್ದೀ ಎಂದು ಗೋಣಿಯ ಒಳಗಿನಿಂದ ಧ್ವನಿ ಬಂತು. ಬಿಸಿಲಿಗೆ ಹೊದ್ದಿದ್ದ ಗೋಣಿ ಸರಿಯಿತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿ. ಎದುರಿಗೆ ಪ್ಲಾಸ್ಟಿಕ್ ಹಾಳೆಯ ಮೇಲೆ ಹಳೆಯ ಬೀಗಗಳು, ಕೀಲುಗಳು, ತುಕ್ಕು ಹಿಡಿದ ಅಗುಳಿಗಳು. ನಾನು ಅಲ್ಲೇ ಕುಕ್ಕರಿಸಿದೆ. ಗಿರಾಕಿ ಕೂತಳೆಂದು ಅಜ್ಜಿ ಮೂರು ಬೀಗ ಮುಂದೆ ತಳ್ಳಿದರು. ಅವರ ಮದರಾಸ್ ತಮಿಳನ್ನು ಇಲ್ಲಿ ನನ್ನ ಕನ್ನಡಕ್ಕೆ ಇಳಿಸಿ ಹೇಳುತ್ತಿದ್ದೇನೆ.

"ಪಾಟಿ, ಹಿಂದೆ ಒಂದು ಶುಕ್ರವಾರ ತಲೆ ಮೇಲೆ ಡಬ್ಬಿ ತಿರುಗುವ ಕಾರೊಂದು ಇಲ್ಲಿ ಬಂದಿತ್ತಾ?"

ಅಜ್ಜಿಯ ಮುಖ ಸಣ್ಣದಾಯಿತು. "ಬಂದಿತ್ತು. ನಮ್ಮನ್ನು ಇಲ್ಲಿಂದ ಎಬ್ಬಿಸೋಕೆ ಲೆಕ್ಕ ತಗೊಳ್ಳೋ ಕಾರು ಅಂದ್ರು ಎಲ್ಲಾರೂ. ಪಕ್ಕದೋರು ಓಡಿದ್ರು. ನನಗೆ ಮಂಡಿ ಹಿಡಿದಿದೆ, ಎದ್ದು ಓಡೋಕೆ ಆಗಲ್ಲ. ಎದ್ರೆ ಬೀರು ಅಂಗಡಿಯವನು ಈ ಜಾಗಕ್ಕೆ ಇನ್ನೊಂದು ಬೀರು ಇಡ್ತಾನೆ. ಅದಕ್ಕೆ ಗೋಣಿ ಎಳ್ಕೊಂಡು ಉಸಿರು ಬಿಗಿಹಿಡಿದು ಮೂಟೆ ಹಂಗೆ ಕೂತುಬಿಟ್ಟೆ." ಆಮೇಲೆ ನನ್ನ ಕೊರಳಿನ ಗುರುತುಚೀಟಿ ಕಂಡು ಧ್ವನಿ ತಗ್ಗಿಸಿ ಕೇಳಿದರು: "ಯಾಕಮ್ಮಾ? ಅದಕ್ಕೆ ನಾನು ಕಂಡುಬಿಟ್ನಾ?"

"ನನಗೆ ಕಾಣಲಿಲ್ಲ ಪಾಟಿ" ಎಂದೆ. "ಅದಕ್ಕೆ ಕಂಡಿತು."

ಅಜ್ಜಿ ಗೋಣಿಯನ್ನು ಮತ್ತೆ ತಲೆಯ ಮೇಲೆ ಎಳೆದುಕೊಳ್ಳತೊಡಗಿದರು. ಎಬ್ಬಿಸುವುದಕ್ಕಲ್ಲ, ಡ್ರೈವರ್ ಇಲ್ಲದ ಕಾರು ಜನರನ್ನು ಗುರುತಿಸಿ ನಿಲ್ಲಲಿ ಎಂದು ಕಲಿಸುವುದಕ್ಕೆ ಎಂದು ವಿವರಿಸಿದೆ. ಗಮನವಿಟ್ಟು ಕೇಳಿದರು. "ಒಳಗೆ ಯಾರೂ ಇರಲ್ವಾ? ಹಂಗಾದ್ರೆ ಮೈಮೇಲೆ ಬಂದ್ರೆ ನಾನು ಯಾರನ್ನ ಬಯ್ಯಲಿ?" ಎಂದರು. "ನನ್ನನ್ನು ಬಯ್ಯಿರಿ" ಎಂದೆ. ಒಂದು ಬೀಗ ಕೊಂಡು ಎದ್ದೆ. ಅದರ ಕೀಲಿ ಅದರದಲ್ಲ ಎಂದು ಮನೆಗೆ ಹೋದ ಮೇಲೆ ತಿಳಿಯಿತು.

ಮೂರು ಗಂಟೆಗೆ ಕಚೇರಿಗೆ ಮರಳಿ ಮಲರ್ ಎದುರು ನಿಂತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ: ಮೂಟೆ, ಯಜಮಾನರು, ಹಲ್ಲುನೋವು, ಅಜ್ಜಿ. ಅವಳು ಕಡತ ತೆರೆದು ಆ ಗುಪ್ಪೆಯನ್ನು ಬಹಳ ಹೊತ್ತು ನೋಡಿದಳು. ನಾನು ಮನಸ್ಸಿನಲ್ಲೇ ನನ್ನ ಮೇಜಿನ ಮೇಲಿನ ತುಳಸಿ ಕುಂಡ, ನೀರಿನ ಬಾಟಲಿಗಳನ್ನು ಚೀಲಕ್ಕೆ ತುಂಬುತ್ತಿದ್ದೆ. ಕೊನೆಗೆ ಅವಳು ಮೆಲ್ಲಗೆ, "ಅಕ್ಕಾ, ನೀವು ತಿದ್ದಿದ ಮೇಲೆ ಎರಡನೆಯ ಸಲ ನೋಡಿ ಒಪ್ಪಿದ್ದು ನಾನೇ. ನನಗೂ ಮೂಟೆ ಎಂದೇ ಕಂಡಿತ್ತು" ಎಂದಳು. ಇಬ್ಬರೂ ಸೇರಿ 'ಮೂಟೆ' ಅಳಿಸಿ 'ಮನುಷ್ಯ' ಎಂದು ಬರೆದೆವು. ಕಡತ ಸಂಜೆ ಹೋಯಿತು. ಆ ರಾತ್ರಿ ನಿದ್ದೆ ಬಂತು.

ತಿಂಗಳು ಮುಗಿದಾಗ ಹನ್ನೆರಡರಲ್ಲಿ ಐದು ಜನರನ್ನು ಬೇರೆ ಕೆಲಸಕ್ಕೆ ಹಾಕಿದರು. ನಾನು ಉಳಿದೆ. ಮಲರ್ ಬರೆದ ವರದಿ ಓದಿದ ಮೇಲಿನವರಿಗೆ ನಾನು ಖುದ್ದಾಗಿ ಹೋಗಿ ನೋಡಿ ಬಂದದ್ದು ವಿಪರೀತ ಮೆಚ್ಚುಗೆಯಾಯಿತಂತೆ. ಎಷ್ಟು ಮೆಚ್ಚುಗೆ ಎಂದರೆ, ಇನ್ನು ಮೇಲೆ ಬಗೆಹರಿಯದ ಜಾಗಗಳಿಗೆಲ್ಲ ನನ್ನನ್ನೇ ಕಳಿಸುವುದೆಂದು ತೀರ್ಮಾನಿಸಿದರು. ಹಾಗಾಗಿ ಈಗ ನಾನು ಛತ್ರಿ ಹಿಡಿದು ಊರೆಲ್ಲ ಅಲೆಯುತ್ತೇನೆ. ಸೌಕಾರ್‌ಪೇಟೆಯ ಗಲ್ಲಿಯಲ್ಲಿ ಯಂತ್ರ 'ಗೋಡೆ' ಎಂದದ್ದು ಗೋಡೆಯಲ್ಲ, ಇಳಿಬಿಟ್ಟ ಸೀರೆಗಳು ಎಂದು ದೃಢಪಡಿಸಿದ್ದೇನೆ. ಮಣಲಿಯಲ್ಲಿ ಟ್ಯಾಂಕರ್ ಲಾರಿಗಳು ಸಾಲುಗಟ್ಟಿ ನಿಲ್ಲುವ ರಸ್ತೆಯಂಚಿನಲ್ಲಿ, ಒಂದು ಸಿಮೆಂಟಿನ ತೊಟ್ಟಿ ಚಲಿಸುತ್ತದೋ ಇಲ್ಲವೋ ಎಂದು ಇಡೀ ಬೆಳಿಗ್ಗೆ ಛತ್ರಿಯಡಿ ಕಾದು ನಿಂತಿದ್ದೇನೆ. ಚಲಿಸಲಿಲ್ಲ.

ಹೋದ ವಾರ ಮಲರ್ ನನ್ನನ್ನು ಕರೆದು ಮಣಲಿಯ ಹೊಸ ಚುಕ್ಕಿಗಳನ್ನು ತೋರಿಸಿದಳು. ನಾನು ಅಲ್ಲಿದ್ದ ದಿನವೇ ನಮ್ಮ ಕಾರೂ ಆ ರಸ್ತೆಯಲ್ಲಿ ಹೋಗಿತ್ತಂತೆ. ತೊಟ್ಟಿಯ ಎದುರಿಗೆ ಆರಡಿ ಎತ್ತರದ ಏನೋ ಒಂದು ನೆಟ್ಟಗೆ ನಿಂತಿತ್ತು. ಮೇಲ್ಗಡೆ ಅಗಲ, ಕೆಳಗಡೆ ಸಪೂರ. ಯಂತ್ರ ಅದನ್ನು 'ಮನುಷ್ಯ' ಎಂದಿತ್ತು. ನಮ್ಮ ತಂಡದಲ್ಲಿ ಉಳಿದವರೊಬ್ಬರು ಅದನ್ನು ಹೊಡೆದುಹಾಕಿ 'ಕಂಬ' ಎಂದು ತಿದ್ದಿದ್ದರು. "ಅಕ್ಕಾ, ನೀವೇ ತೀರ್ಮಾನ ಮಾಡಬೇಕು" ಎಂದಳು ಮಲರ್, ನಗು ತಡೆಯಲು ತುಟಿ ಕಚ್ಚಿಕೊಂಡು.

ನಾನು ಚುಕ್ಕಿಗಳನ್ನು ಮುಂದಿನಿಂದ ನೋಡಿದೆ, ಹಿಂದಿನಿಂದ ನೋಡಿದೆ, ತಿರುಗಿಸಿ ನೋಡಿದೆ. ಅಷ್ಟು ಹೊತ್ತೂ ಅದು ಒಮ್ಮೆಯೂ ಕೆರೆದುಕೊಂಡಿರಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಕಂಬವೆಂದೇ ಅನಿಸಿತು. ಆದರೂ ಈ ಸಲ ಯಂತ್ರದ ಜೊತೆ ವಾದಕ್ಕೆ ಹೋಗಲಿಲ್ಲ. 'ಕಂಬ' ಅಳಿಸಿ 'ಮನುಷ್ಯ' ಎಂದು ಬರೆದು ಒಪ್ಪಿಗೆ ಒತ್ತಿದೆ.